ಅವಳ ಕತೆಗೆ ನಾನು ಹೇಳಿದ ಸುಳ್ಳು

ನಂಜನಗೂಡಿನಲ್ಲಿ ಒಂಬತ್ತನೇ ಕ್ಲಾಸು ಓದುವಾಗ ನನಗೊಬ್ಬಳು ಗೆಳತಿಯಿದ್ದಳು. ಬೇಸಾಯದ ಮನೆಯ ಹುಡುಗಿ, ಹೆಡತಲೆ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ನಮ್ಮಪ್ಪ ಅದೇ ಸ್ಕೂಲಿನ ಮೇಷ್ಟ್ರು. ಅವಳ ಒತ್ತಕ್ಷರದ ತಪ್ಪು ತಿದ್ದುವುದೆಂದರೆ ನನಗೆ ಬಲು ಇಷ್ಟ. ಅವಳು ತಿದ್ದಿಸಿಕೊಳ್ಳುತ್ತಿದ್ದಷ್ಟು ದಿನ ನಮ್ಮ ಸ್ನೇಹಕ್ಕೆ ಏನೂ ಆಗಲಿಲ್ಲ.

ಆ ವರ್ಷ ಕನ್ನಡದ ಮಿಸ್ ಕೈಬರಹದ ಪತ್ರಿಕೆ ಮಾಡೋಣ, ಕತೆ ಬರೆದು ಕೊಡಿ ಎಂದರು. ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟಮೇಲೆ ಅವಳು ನಮ್ಮ ಮನೆಯ ಜಗಲಿಯಲ್ಲಿ ಕೂತು ಬರೆದಳು. ಹೊಳೆ ತುಂಬಿ ತವರಿಗೆ ಹೋಗಲಾಗದೆ, ಆಚೆ ದಡದಲ್ಲಿ ನಿಂತ ತಾಯಿಯೊಡನೆ ಕೂಗಿ ಕೂಗಿ ಮಾತಾಡುವ ಹೆಂಗಸಿನ ಕತೆ. ಪಕ್ಕದಲ್ಲೇ ಕೂತು ನಾನೊಬ್ಬ ರಾಜಕುಮಾರಿಯ ಕತೆ ಬರೆದೆ.

ಮುಂದಿನ ವಾರ ಮಿಸ್ ಅವಳ ಕತೆಯನ್ನು ಕ್ಲಾಸಿಗೆಲ್ಲ ಓದಿದರು. ಓದುತ್ತಾ ಅವರ ದನಿ ನಡುಗಿತು. ನನ್ನದನ್ನು, “ಅಕ್ಷರ ಮುದ್ದಾಗಿದೆ” ಎಂದು ವಾಪಸು ಕೊಟ್ಟರು. ನನ್ನ ಹೊಟ್ಟೆ ಉರಿದುಹೋಯಿತು. ಊಟದ ಬೆಲ್ ಹೊಡೆದಾಗ ಸ್ಟಾಫ್ ರೂಮಿಗೆ ಹೋಗಿ, “ಮಿಸ್, ಅದು ವಾರಪತ್ರಿಕೇಲಿ ಬಂದಿದ್ದ ಕತೆ. ನಮ್ಮನೇಲಿ ನೋಡ್ಕೊಂಡು ಕಾಪಿ ಮಾಡಿದ್ಳು” ಎಂದೆ. ಮೇಷ್ಟ್ರ ಮಗಳ ಮಾತು, ಮಿಸ್ ನಂಬಿದರು.

ಮಧ್ಯಾಹ್ನ ಅವಳನ್ನು ಎಬ್ಬಿಸಿ ನಿಲ್ಲಿಸಿ, ವಾರಪತ್ರಿಕೆ ನೋಡಿ ಕಾಪಿ ಮಾಡಿದೆಯಾ ಎಂದು ಕೇಳಿದರು.

“ನಾನೇ ಬರ್ದಿದ್ದು ಮಿಸ್.”

“ಬರೆಯೋವಾಗ ಯಾರಾದ್ರೂ ನೋಡಿದಾರಾ?”

ಅವಳು ನನ್ನ ಕಡೆ ತಿರುಗಿದಳು. ನಾನು ತಲೆ ತಗ್ಗಿಸಿ ಪೆನ್ನಿನ ನಿಬ್ಬು ಒರೆಸುತ್ತಿದ್ದೆ. ಅವಳು ಮಿಸ್ ಕಡೆಗೆ ತಿರುಗಿ, “ಯಾರೂ ಇರ್ನಿಲ್ಲ ಮಿಸ್” ಎಂದಳು.

ಅವಳ ಕತೆ ತೆಗೆದು ನನ್ನದನ್ನು ಹಾಕಿದರು. ಆಮೇಲೂ ಅವಳು ಎಂದಿನಂತೆ ಊಟದ ಡಬ್ಬಿ ಹಿಡಿದು ನನ್ನ ಪಕ್ಕಕ್ಕೇ ಬರುತ್ತಿದ್ದಳು. ನನಗೆ ಸಹಿಸಲಾಗದೆ ಹೋದದ್ದು ಅದೇ. ಅವಳ ಕತೆಗೆ ಪಟ್ಟ ಹೊಟ್ಟೆಕಿಚ್ಚು ಈಗ ಅವಳ ಒಳ್ಳೆಯತನಕ್ಕೂ ಹತ್ತಿಕೊಂಡಿತು. ಏನೇನೋ ನೆಪ ಹೇಳಿ ನಾನೇ ದೂರವಾದೆ.

ಎಷ್ಟೋ ವರ್ಷಗಳಾದ ಮೇಲೆ, ಎಂಬತ್ತರ ದಶಕದಲ್ಲಿ ನಾನು ತಿ. ನರಸೀಪುರದ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದೆ. ಒಂದು ದಿನ ಮಗಳಿಗೆ ಸರ್ಟಿಫಿಕೇಟು ಬೇಕೆಂದು ಅವಳು ಬಂದಳು. ಪ್ರೈಮರಿ ಸ್ಕೂಲಿನಲ್ಲಿ ಟೀಚರಂತೆ. ಅವಳ ಕೆಲಸ ಮುಗಿಸಿಕೊಟ್ಟು ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ನಡೆದೆ. ದಾರಿಯಲ್ಲಿ, ಮಿಸ್‌ಗೆ ಹೇಳಿದ್ದು ನಾನೇ ಎಂದು ಒಪ್ಪಿಕೊಂಡೆ.

“ಗೊತ್ತಿತ್ತು ಕಣೇ. ಜಗಲೀಲಿ ನಾವಿಬ್ರೇ ತಾನೇ ಇದ್ದಿದ್ದು?”

“ಮತ್ಯಾಕೆ ನನ್ನ ಹೆಸರು ಹೇಳ್ಲಿಲ್ಲ?”

“ಹೇಳಿದ್ರೆ ನಿಮ್ಮಪ್ಪ ನಿನ್ನ ಸುಮ್ನೆ ಬುಡ್ತಿದ್ರಾ?” ಎಂದಳು. ನಾಲ್ಕು ಹೆಜ್ಜೆ ನಡೆದಮೇಲೆ, “ನೀನೇ ಎದ್ದು ನಿಂತ್ಕತೀಯ ಅಂತಿದ್ದೆ. ಆ ವರ್ಸ ಪೂರ್ತಿ ಕಾದೆ” ಎಂದಳು.

“ಈಗ್ಲೂ ಬರೀತೀಯಾ?”

“ಇಲ್ಲ. ಆವತ್ತಿಂದ ಬರೀಲಿಲ್ಲ.”

ಅವಳ ಜೊತೆಯ ಟೀಚರೊಬ್ಬರು ಬಸ್ಸಿನಲ್ಲಿ ಸೀಟು ಹಿಡಿದಿಟ್ಟು ಕಿಟಕಿಯಿಂದ ಕೂಗುತ್ತಿದ್ದರು. ಇವಳು ಹತ್ತಿ ಕೂತದ್ದೇ ಇಬ್ಬರೂ ಯಾವುದೋ ಮಾತಿಗೆ ಬಿದ್ದು ಬಿದ್ದು ನಕ್ಕರು. ಬಸ್ಸು ಹೊರಟಾಗ ಅವಳು ನನ್ನತ್ತ ಕೈಬೀಸಿದಳು. ಅವಳ ಪಕ್ಕದಲ್ಲಿ ಕೂತಿದ್ದ ಆ ಇನ್ನೊಬ್ಬ ಹೆಂಗಸನ್ನೇ ನೋಡುತ್ತಾ ನಿಂತಿದ್ದ ನನಗೆ ತಿರುಗಿ ಕೈಯೆತ್ತಬೇಕೆಂಬುದೇ ಹೊಳೆಯಲಿಲ್ಲ.