ಭಟ್ಟಿಯ ಮುಂದೆ ಓದಿಸಿದ ಪತ್ರ

ನಾನು ಬರೆಯುವುದು ಪ್ರೇಮ ಮತ್ತು ಪತ್ತೇದಾರಿ ಬೆರೆತ ಧಾರಾವಾಹಿಗಳನ್ನು. ಬೀದರಿನ ಈ ಮನೆಯಲ್ಲಿ ಬರೆಯುವ ಮೇಜನ್ನು ಅಡುಗೆಮನೆಯಲ್ಲೇ ಹಾಕಿಕೊಂಡಿದ್ದೇನೆ. ದೀಪಾವಳಿಗೆ ನಾನಖಟಾಯಿ, ಸಂಕ್ರಾಂತಿಗೆ ಎಳ್ಳು ಹಚ್ಚಿದ ಬೆಲ್ಲದ ಬಿಸ್ಕೀಟು, ಮಾವಿನ ಕಾಲಕ್ಕೆ ರವೆಯ ಕೇಕು. ಒಂದು ತಟ್ಟೆ ಬೇಯುವಷ್ಟರಲ್ಲಿ ಅರ್ಧ ಪುಟ ಮುಗಿಯುತ್ತದೆ. ಈಗ ಗುಂಡಿ ಒತ್ತಿದರೆ ಓವನ್ನು ತಾನೇ ಕಾಯುತ್ತದೆ, ತಾನೇ ಆರುತ್ತದೆ. ಆದರೂ ನಾನಖಟಾಯಿ ಅಂದರೆ ನನ್ನ ಮನಸ್ಸು ಹೋಗುವುದು ಭಾಲ್ಕಿಯ ಬಿಸ್ಕೀಟು ಸುಡುವ ಭಟ್ಟಿಗೆ.

ನಾನು ಔರಾದ್ ಕಡೆಯ ಡಾಬಕಾದವಳು. ಮದುವೆಯಾಗಿ ಭಾಲ್ಕಿಗೆ ಬಂದೆ. ಅಲ್ಲಿ ದೀಪಾವಳಿ ಹತ್ತಿರ ಬಂತೆಂದರೆ ಹೆಂಗಸರು ಹಿಟ್ಟು, ಸಕ್ಕರೆ, ತುಪ್ಪ ಹೊತ್ತುಕೊಂಡು ಭಟ್ಟಿಗೆ ಹೋಗುತ್ತಿದ್ದರು. ಅಲ್ಲೇ ಕಲಸಿ, ಉಂಡೆ ಕಟ್ಟಿ, ತಟ್ಟೆಗೆ ಜೋಡಿಸಿ ಕೊಟ್ಟರೆ ಭಟ್ಟಿಯವರು ಸುಟ್ಟು ಕೊಡುತ್ತಿದ್ದರು. ನಮ್ಮ ಪಾಳಿ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತಿತ್ತು. ಆ ಹೊತ್ತಿನಲ್ಲಿ ನಾನು ಅತ್ತೆಗೆ ಹೊಸ ಕಂತು ಓದಿ ಹೇಳುತ್ತಿದ್ದೆ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಕೊಲೆಗಾರ ಯಾರೆಂದು ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು.

ಮಾವ ತೀರಿಕೊಂಡು ಎರಡು ವರ್ಷವಾಗಿತ್ತು. ಆ ದೀಪಾವಳಿಯ ಕಂತಿನಲ್ಲಿ ನನ್ನ ನಾಯಕಿಗೆ ಒಂದು ಪತ್ರ ಬರುತ್ತದೆ. ಅವಳು ಅದನ್ನು ಒಡೆಯುವುದೇ ಇಲ್ಲ. ಪತ್ರದಲ್ಲಿ ಏನಿದೆ ಎಂದು ನನಗೂ ಇನ್ನೂ ಹೊಳೆದಿರಲಿಲ್ಲ.

"ಯಾಕ ಒಡೀಲಿಲ್ಲ ಆಕಿ?" ಅತ್ತೆ ಹಿಟ್ಟು ನಾದುತ್ತಲೇ ಕೇಳಿದರು.

"ಅಂಜ್ಯಾಳರಿ ಅತ್ತಿ. ಅದ್ರಾಗ ಏನರ ಕೆಟ್ಟದ್ದು ಇರ್ತದಂತ."

"ಅಂಜಿಕಿ ಅಲ್ಲ ಬಿಡು. ನಾಚಿಕಿ ಇರ್ಬೇಕು."

ಆ ದಿನ ಅತ್ತೆ ಕೊಲೆಗಾರ ಯಾರೆಂಬ ಮಾತೇ ಎತ್ತಲಿಲ್ಲ. ಜನ ಬಹಳವಿದ್ದುದರಿಂದ, ಬಿಸ್ಕೀಟನ್ನು ನಾಳೆ ಒಯ್ಯಿರಿ ಎಂದರು ಭಟ್ಟಿ ನಡೆಸುವ ಚಾಚಾ.

ಮರುದಿನ ಹೊರಡುವ ಮುಂಚೆ ಅತ್ತೆ ತಮ್ಮ ಟ್ರಂಕು ತೆಗೆದು, ಇಳಕಲ್ ಸೀರೆಯ ಮಡಿಕೆಯಿಂದ ಒಂದು ಕಾಗದ ತಂದು ನನ್ನ ಕೈಗಿಟ್ಟರು. ಅಂಚು ಹರಿದಿತ್ತು, ಬಣ್ಣ ಹಳದಿಗೆ ತಿರುಗಿತ್ತು.

"ನಿಮ್ಮ ಮಾವ ಬರ್ದಿದ್ದು. ಲಗ್ನಾದ ವರ್ಷ ಹೈದರಾಬಾದ್‌ನಾಗ ಬಟ್ಟೆ ಅಂಗಡ್ಯಾಗ ನೌಕರಿಗಿದ್ರು. ಓದು."

ನೋಡಿದರೆ ಅದು ಉರ್ದು. ಮಾವ ಕಲಿತದ್ದು ನಿಜಾಮರ ಕಾಲದ ಉರ್ದು ಸಾಲೆಯಲ್ಲಿ. ನನಗೆ ಒಂದಕ್ಷರವೂ ಬಾರದು.

"ಇಷ್ಟು ವರ್ಷ ಯಾರ ಕಡಿಂದನೂ ಓದಿಸ್ಲಿಲ್ಲೇನ್ರಿ?"

"ಮನ್ಯಾಗ ಉರ್ದು ಬರ್ತಿದ್ದದ್ದು ನಮ್ಮ ಮಾವಗ, ಭಾವಗ. ಗಂಡ ಬರ್ದ ಕಾಗದಾ ಅವರ ಮುಂದ ಹ್ಯಾಂಗ ಒಯ್ಯಲಿ? ಎರಡು ತಿಂಗಳಿಗಿ ನಿಮ್ಮ ಮಾವನೇ ನೌಕರಿ ಬಿಟ್ಟು ಬಂದ್ರು. ಕಾಗದಾ ಓದ್ಸಿಲ್ಲ ಅನ್ನಲಿಕ್ಕೂ ನಾಚಿಕಿ. ಮುಂದ ಹಂಗೇ ಉಳೀತು."

ಚಾಚಾ ದಿನಾ ಉರ್ದು ಪತ್ರಿಕೆ ಓದುತ್ತಿದ್ದ ಮನುಷ್ಯ. ಬಿಸ್ಕೀಟು ತರಲು ಹೋದಾಗ ಕಾಗದವನ್ನು ಅವರ ಕೈಗೆ ಕೊಟ್ಟೆವು. ಭಟ್ಟಿಯ ಮುಂದೆ ಕನ್ನಡಕ ಏರಿಸಿ ಎರಡು ಸಾಲು ನೋಡಿದರು. ತಟ್ಟನೆ ಕಾಗದ ಮಡಚಿಬಿಟ್ಟರು.

"ಅಕ್ಕಾ, ಸ್ವಲ್ಪ ತಡೀರಿ. ಈ ಮಂದಿ ಹೋಗ್ಲಿ."

ಓದುಗರನ್ನು ವಾರಗಟ್ಟಲೆ ಕಾಯಿಸುವವಳಿಗೆ ಅರ್ಧ ತಾಸು ಕಾಯುವುದಾಗಲಿಲ್ಲ. ಅತ್ತೆ ಮಾತ್ರ ಡಬ್ಬಿಗೆ ಒಂದೊಂದೇ ನಾನಖಟಾಯಿ ಜೋಡಿಸುತ್ತ ಕೂತಿದ್ದರು. ಕೊನೆಯ ಹೆಂಗಸು ಹೋದ ಮೇಲೆ ಚಾಚಾ ನೆಲ ನೋಡುತ್ತ, ಓದಿ ಓದಿ ಕನ್ನಡದಲ್ಲಿ ಹೇಳಿದರು:

"ಇಲ್ಲಿ ಒಂದು ಖೋಲಿ ಹಿಡದೇನಿ ಅಂತ ಬರ್ದಾರ. ಕೆಳಗ ಬೇಕರಿ ಅದ, ಮುಂಜಾನಿ ವಾಸನಿ ಕಿಡಕಿತನಕ ಬರ್ತದ, ಆವಾಗ ನಿನ್ನ ನೆನಪಾಗ್ತದ. ನೀ ಬರ್ತಿ ಅಂದ್ರ ಜವಾಬು ಬರಸು, ಕರ್ಕೊಂಡು ಹೋಗ್ಲಿಕ್ಕಿ ಬರ್ತೇನಿ. ಅತ್ತಿ-ಮಾವನ್ನ ಬಿಟ್ಟು ಬರೋದು ಮನಸಿಲ್ಲಂದ್ರ ಜವಾಬು ಬ್ಯಾಡ. ನಾ ತಿಳ್ಕೋತೇನಿ, ನಾನೇ ಊರಿಗಿ ಬರ್ತೇನಿ."

ಇನ್ನೂ ಒಂದೆರಡು ಸಾಲಿದ್ದವು. ಅವು ನಿಮಗೆ ಮಾತ್ರ ಎಂದು ಚಾಚಾ ಅತ್ತೆಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದರು. ನನಗೆ ಕೇಳಿಸಲಿಲ್ಲ. ನಾನೂ ಎಂದೂ ಕೇಳಲಿಲ್ಲ.

ಅತ್ತೆ ಮೊದಲು ನಕ್ಕರು. ಆಮೇಲೆ ಸೆರಗು ಬಾಯಿಗೊತ್ತಿಕೊಂಡರು. "ನೌಕರಿ ಯಾಕ ಬಿಟ್ಟು ಬಂದ್ರಿ ಅಂತ ಕೇಳಿದ್ದೆ. ಊರು ಹಿಡಸ್ಲಿಲ್ಲ ಅಂದಿದ್ರು" ಎಂದರು. ಹಬ್ಬದ ನಾಲ್ಕೂ ದಿನ ಬಂದವರಿಗೆಲ್ಲ ತಟ್ಟೆ ತುಂಬ ನಾನಖಟಾಯಿ ಕೊಟ್ಟರು, ತಾವು ಒಂದನ್ನೂ ಮುಟ್ಟಲಿಲ್ಲ. ಸಿಟ್ಟೋ ದುಃಖವೋ ನನಗೆ ತಿಳಿಯಲಿಲ್ಲ. ಮಾವನ ಫೋಟೋ ಒರೆಸುವಾಗ ಒಮ್ಮೆ, "ಬಂದ ಮ್ಯಾಲರ ಕೇಳಬಾರದೇನು?" ಎಂದು ಗದರಿದ್ದು ಕಿವಿಗೆ ಬಿತ್ತು.

ಭಟ್ಟಿಯಲ್ಲಿ ಓದಿದ ಆ ಕಂತು ಕಳಿಸುವ ದಿನ ಬಂತು. ನಾನು ಪೆನ್ನು ಹಿಡಿದು ಸುಮ್ಮನೆ ಕೂತಿದ್ದೆ. ನನ್ನ ಕೈಗೆ ಸಿಕ್ಕದ್ದು ಯಾವ ಕಾದಂಬರಿಗಾರ್ತಿಗೂ ಸಿಗದಂಥದ್ದು. ಅದನ್ನು ಬರೆದರೆ ಕದ್ದ ಹಾಗೆ. ಅತ್ತೆ ಎದುರು ಬಂದು ಕೂತರು.

"ಬರೀಲಿಕ್ಕಿ ನಿನಗೇನು ಅಡ್ಡಿ?"

"ಅದು ನಿಮ್ಮ ಕಾಗದಾ ಅಲ್ಲೇನ್ರಿ ಅತ್ತಿ?"

"ನಂದು ನನ್ನ ಹತ್ರ ಅದ. ಆ ಹುಡುಗಿ ಕಾಗದಾ ಬ್ಯಾರೆ ಬರಿ. ಆದ್ರ ಆಕಿ ಅದು ಬಂದ ದಿನಾನೇ ಓದ್ಲಿ."

ಹಾಗೇ ಬರೆದೆ. ಕುತೂಹಲವನ್ನೆಲ್ಲ ಒಂದೇ ಕಂತಿಗೆ ಹಾಳು ಮಾಡಿದಿರಿ ಎಂದು ಸಂಪಾದಕರು ಸಿಟ್ಟಾದರು. ಅವರು ಹೇಳಿದ್ದು ಸರಿಯೇ. ಮುಂದಿನ ಆರು ಕಂತು ಕಥೆಯನ್ನು ಎಳೆದು ನಿಲ್ಲಿಸುವುದರಲ್ಲಿ ನನಗೆ ಸಾಕುಸಾಕಾಯಿತು. ಆದರೂ ತಿದ್ದಲಿಲ್ಲ.

ಸಂಕ್ರಾಂತಿ ಮುಗಿದ ವಾರ ಅತ್ತೆ ತಾವಾಗಿ, "ಆ ಖೋಲಿ ನೋಡಿ ಬರೂಣ ನಡಿ" ಎಂದರು. ಕಾಗದದ ತಲೆಗೆ ಗಲ್ಲಿಯ ಹೆಸರಿತ್ತು. ಇಬ್ಬರೇ ರೈಲು ಹತ್ತಿದೆವು. ಹೈದರಾಬಾದಿನಲ್ಲಿ ಕೇಳಿ ಕೇಳಿ ಆ ಗಲ್ಲಿ ಮುಟ್ಟಿದಾಗ ಕೆಳಗಿನ ಬೇಕರಿ ಚಪ್ಪಲಿ ಅಂಗಡಿಯಾಗಿತ್ತು. ಮೇಲಿನ ಖೋಲಿಯಲ್ಲಿ ಒಬ್ಬ ದರ್ಜಿ ಕೂತಿದ್ದ. ವಿಷಯ ಕೇಳಿ ಅವನು ಹೊಲಿಗೆ ಯಂತ್ರ ಬದಿಗೆ ಸರಿಸಿ, ಕಿಟಕಿಯ ಬಳಿ ಸ್ಟೂಲು ಹಾಕಿಕೊಟ್ಟ. ಅತ್ತೆ ಅಲ್ಲಿ ಕೂತು ಗಲ್ಲಿಯ ಮಂದಿಯನ್ನು ನೋಡಿದರು. ದರ್ಜಿ ಚಹಾ ತರಿಸಿದ, ಕುಡಿದರು.

"ಖೋಲಿ ಸಣ್ಣದಾತು. ಆದ್ರ ಗಾಳಿ ಛಲೋ ಅದ," ಎಂದರು ಏಳುವಾಗ.

ತಿರುಗಿ ಬರುವ ರೈಲಿನಲ್ಲಿ ಅವರು ಮಾವನ ವಿಷಯ ಬಹಳ ಮಾತಾಡಿದರು. ನಡುವೆ ಒಮ್ಮೆ, ನಮ್ಮ ಕಡೆಯ ಹೆಂಗಸರು ಆಡಬಾರದೆನ್ನುವ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದರು. ಅವರ ಬಾಯಿಂದ ಆ ಹೆಸರು ನಾನು ಕೇಳಿದ್ದು ಅದೇ ಮೊದಲು.