ಹೊಲಿಗೆ ಅಕ್ಕೋರು ಆರಿಸಿದ ಡಿಕ್ಷನರಿ

ಮೊನ್ನೆ ಹುಕ್ಕೇರಿ ಪೇಟೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿಯೊಂದರ ಮುಂದೆ ಹಾದು ಬರುತ್ತಿದ್ದೆ. ಒಳಗೆ ಯಾರೋ ಹಳೆಯ ಯಂತ್ರವೊಂದನ್ನು ಬಿಚ್ಚಿ ಎಣ್ಣೆ ಬಿಡುತ್ತಿದ್ದರು. ಆ ತೆಳು ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮೂಡಲಗಿಯ ಶಾಲೆಯ ಉದ್ದನೆಯ ಕೋಣೆ, ಕಿಟಕಿ ಪಕ್ಕದ ಕುರ್ಚಿ, ಅದರಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ ಹೊಲಿಗೆ ಅಕ್ಕೋರು...

ನಾನು ಆಗಷ್ಟೇ ಕೆಲಸಕ್ಕೆ ಸೇರಿದ ಇಂಗ್ಲಿಷ್ ಶಿಕ್ಷಕಿ. ಅವರು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಅನ್ನುವುದು ರೂಢಿ. ಹಾಗಾಗಿ ಅವರು ಹೊಲಿಗೆ ಅಕ್ಕೋರು, ನಾನು ಇಂಗ್ಲಿಷ್ ಅಕ್ಕೋರು. ಅವರು ಗೋಕಾಕ ತಾಲೂಕಿನ ಮಮದಾಪುರದಲ್ಲಿ ಅಣ್ಣನ ಮನೆಯಲ್ಲಿದ್ದು ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿದೆ ಎಂದು ಬೇರೆಯವರಿಂದ ತಿಳಿದಿತ್ತು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ನಾನೂ ಬಾಡಿಗೆ ಕೋಣೆಯೊಂದರಲ್ಲಿ ಒಬ್ಬಳೇ ಇದ್ದವಳು. ಮಧ್ಯಾಹ್ನ ಅಕ್ಕಪಕ್ಕ ಕೂತು ಬುತ್ತಿ ಬಿಚ್ಚುತ್ತಿದ್ದೆವು. ಅವರ ಶೇಂಗಾ ಚಟ್ನಿ ನನ್ನ ಡಬ್ಬಿಗೆ ಬೀಳುತ್ತಿತ್ತು. ಮಾತು ಅಷ್ಟಕ್ಕಷ್ಟೇ.

ಆ ವರ್ಷ ಶಾಲೆಗೆ ಯಾರೋ ಹಳೆಯ ಕಂಪ್ಯೂಟರುಗಳನ್ನು ಕೊಟ್ಟರು. ಇಂಟರ್ನೆಟ್ ಇರಲಿಲ್ಲ. ಮಕ್ಕಳಿಗೆ ಉಪಯೋಗವಾಗುವಂಥ ಒಂದು ಉಚಿತ ಇಂಗ್ಲಿಷ್–ಕನ್ನಡ ಡಿಕ್ಷನರಿ ನೋಡಿ ಹಾಕಿಸಿ ಎಂದು ಹೆಡ್‌ಮಾಸ್ತರರು ನನಗೆ ಹೇಳಿದರು. ಗೋಕಾಕದ ಕಂಪ್ಯೂಟರ್ ಅಂಗಡಿಯವರು ಐದಾರನ್ನು ಪೆನ್ ಡ್ರೈವಿಗೆ ಹಾಕಿಕೊಟ್ಟರು. ನಾನು ಕಷ್ಟಕಷ್ಟದ ಶಬ್ದಗಳನ್ನು ಟೈಪ್ ಮಾಡಿ ನೋಡಿದೆ. ಒಂದರಲ್ಲಿ ಚಿತ್ರಗಳಿದ್ದವು, ಉಚ್ಚಾರ ಹೇಳುವ ದನಿಯಿತ್ತು. ಅರ್ಥ ಕೇಳಿದರೆ ಥಟ್ಟನೆ ಒಂದೇ ಸಾಲಿನ ಉತ್ತರ. ಅದನ್ನೇ ಆರಿಸಿದೆ. ಒಂದು ತಾಸಿನ ಕೆಲಸ.

ಕೆಲವು ದಿನಗಳ ನಂತರ, ಶಾಲೆ ಬಿಟ್ಟ ಮೇಲೆ ಹೊಲಿಗೆ ಅಕ್ಕೋರು ಕಂಪ್ಯೂಟರ್ ಮುಂದೆ ಕೂತದ್ದು ಕಂಡೆ. ಅಂಗೈಯಲ್ಲಿ ಒಂದು ಚೀಟಿ. ಅದರಲ್ಲಿನ ಅಕ್ಷರಗಳನ್ನು ಒಂದೊಂದಾಗಿ ನೋಡಿ ಒಂದೇ ಬೆರಳಿನಿಂದ ಒತ್ತುತ್ತಿದ್ದರು. ಈ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಯುತ್ತಿದ್ದಾರೆ ಎಂದು ನನಗೆ ಖುಷಿಯಾಯಿತು. ನಾನು ಆ ಕಡೆ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವರು ತಿರುಗಿ ಕೇಳಿದರು:

“ಅಕ್ಕೋರ, ಈ ಡಿಕ್ಷನರಿ ಖರೇನ ಹೇಳತೈತಿಲ್ರಿ?”

“ಹೌದ್ರಿ. ನಾನ ನೋಡಿ ಹಾಕಿಸೇನಿ,” ಅಂದೆ. ತಲೆಯೆತ್ತಲಿಲ್ಲ.

ಮರುದಿನ ಅವರು ನಮಗೆಲ್ಲ ಹೋಳಿಗೆ ಮಾಡಿಕೊಂಡು ಬಂದರು. ಏನು ವಿಶೇಷ ಎಂದರೆ ಏನಿಲ್ಲ ಎಂದು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಎರಡು ತಿಂಗಳ ಮೇಲೆ ಅವರು ರಜೆ ಹಾಕಿದರು. ವಾರ ಬಿಟ್ಟು ಬಂದಾಗ ಮುಖ ಇಳಿದುಹೋಗಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚದೆ ನನ್ನನ್ನು ಕಂಪ್ಯೂಟರ್ ಕೋಣೆಗೆ ಕರೆದೊಯ್ದು, ಚೀಲದಿಂದ ಒಂದು ಲಕೋಟೆ ತೆಗೆದು ಕೊಟ್ಟರು. ಗೋಕಾಕದ ಲ್ಯಾಬೊಂದರ ರಿಪೋರ್ಟ್. ಎದೆಯಲ್ಲಿ ಗಂಟು ಕಂಡು ತಪಾಸಣೆ ಮಾಡಿಸಿದ್ದರಂತೆ. ರಿಪೋರ್ಟ್ ತರಲು ಹೋದ ದಿನ ಡಾಕ್ಟರು ಊರಲ್ಲಿರಲಿಲ್ಲ. ಅಣ್ಣನ ಮನೆಯಲ್ಲಿ ಹೇಳಲು ಸಂಕೋಚ, ಶಾಲೆಯಲ್ಲಿ ಯಾರಿಗಾದರೂ ತೋರಿಸಲು ಇನ್ನೂ ಸಂಕೋಚ. ಅದಕ್ಕೇ ಮುಖ್ಯವೆನಿಸಿದ ಮೂರು ಶಬ್ದಗಳನ್ನು ಚೀಟಿಯಲ್ಲಿ ಬರೆದುಕೊಂಡು ತಾವೇ ಹುಡುಕಿದ್ದರು.

“ಪಾಸಿಟಿವ್ ಅಂದ್ರ ಚಲೋ ಅಂತ ಇತ್ರಿ,” ಅಂದರು.

ಆ ಶಬ್ದ ಎಲ್ಲರ ಬಾಯಿಗೆ ಬಂದ ಸಾಂಕ್ರಾಮಿಕದ ವರ್ಷಗಳಿಗಿಂತ ಮುಂಚಿನ ಮಾತು ಇದು. ನಾನು ಕಂಪ್ಯೂಟರ್ ಹಚ್ಚಿದೆ. ಆ ಮೂರೂ ಶಬ್ದ ಹಾಕಿ ನೋಡಿದೆ. ಪಾಸಿಟಿವ್: ಒಳ್ಳೆಯ, ಆಶಾದಾಯಕ. ಮ್ಯಾಲಿಗ್ನಂಟ್: ಕೇಡು ಬಗೆಯುವ. ಸೆಲ್: ಸೆರೆಮನೆಯ ಕೋಣೆ, ಜೊತೆಗೆ ಸರಳುಗಳ ಹಿಂದೆ ನಿಂತ ಕೈದಿಯ ಚಿತ್ರ. ಉಳಿದೆರಡು ಅವರಿಗೆ ತಲೆಬುಡ ತಿಳಿದಿರಲಿಲ್ಲ. ಮೊದಲನೆಯದು ತಿಳಿಯಿತಲ್ಲ, ಸಾಕು ಎಂದು ಸುಮ್ಮನಾಗಿದ್ದರು. ನೋವು ಶುರುವಾದ ಮೇಲಷ್ಟೇ ಡಾಕ್ಟರ ಹತ್ತಿರ ಹೋಗಿ, ಇದು ಕ್ಯಾನ್ಸರ್, ಇಷ್ಟು ದಿನ ಎಲ್ಲಿದ್ದಿರಿ ಎಂದು ಬೈಸಿಕೊಂಡು ಬಂದಿದ್ದರು.

ಅಂದು ಅವರು ಕೇಳಿದಾಗ ಯಾವ ಶಬ್ದ ಎಂದು ನಾನು ಒಂದು ಮಾತು ತಿರುಗಿ ಕೇಳಿದ್ದರೆ... ಅವರ ಕೈ ಹಿಡಿದುಕೊಂಡು ಕೂತೆ. ಅವರು ಅಳಲಿಲ್ಲ. ಪರದೆಯ ಕಡೆ ನೋಡಿ, ಉಳಿದ ಡಿಕ್ಷನರಿಗಳು ನಿಮ್ಮ ಹತ್ತಿರ ಅದಾವೇನ್ರಿ ಎಂದು ಕೇಳಿದರು. ಪೆನ್ ಡ್ರೈವ್ ನನ್ನ ಚೀಲದಲ್ಲೇ ಇತ್ತು.

“ನಿಮಗ ಅರ್ಥ ಮೊದಲ ಗೊತ್ತಿರತೈತ್ರಿ. ಅದಕ್ಕ ನಿಮಗ ಎಲ್ಲಾನೂ ಚಲೋ ಕಾಣತಾವು,” ಅಂದರು. “ಈ ಸಲ ನಾ ನೋಡತೇನಿ.”

ಆ ವಾರವೆಲ್ಲ ಶಾಲೆ ಬಿಟ್ಟ ಮೇಲೆ ಇಬ್ಬರೂ ಕೂತೆವು. ನಾನು ಒಂದೊಂದನ್ನೇ ತೆರೆದುಕೊಡುತ್ತಿದ್ದೆ, ಅವರು ಅವೇ ಮೂರು ಶಬ್ದ ಹಾಕಿ ನೋಡುತ್ತಿದ್ದರು. ಒಂದು ಡಿಕ್ಷನರಿ ಅರ್ಥ ಹೇಳಲು ಬಳಸಿದ ಕನ್ನಡವೇ ಅವರಿಗೆ ಅರ್ಥವಾಗಲಿಲ್ಲ, ಬೇಡವೆಂದರು. ಮತ್ತೊಂದು, ಅಕ್ಷರ ಒಂದು ಹೆಚ್ಚುಕಡಿಮೆಯಾದರೂ ಇಂಥ ಶಬ್ದವಿಲ್ಲ ಎನ್ನುತ್ತಿತ್ತು. ತಪ್ಪಿಲ್ಲದೆ ಬರೆಯಲು ಬರುವವರಿಗೆ ಇದರ ಹಂಗೇಕೆ ಎಂದು ಅದನ್ನೂ ಬಿಟ್ಟರು. ಕೊನೆಗೆ ಒಂದು ಸಿಕ್ಕಿತು. ಚಿತ್ರವಿಲ್ಲ, ದನಿಯಿಲ್ಲ. ಆದರೆ ಪಾಸಿಟಿವ್ ಎಂಬುದಕ್ಕೆ ನಾಲ್ಕು ಅರ್ಥ ಕೊಟ್ಟು, ಯಾವುದನ್ನು ಎಲ್ಲಿ ಬಳಸುತ್ತಾರೆಂದು ಒಂದೊಂದು ವಾಕ್ಯ ಬರೆದಿತ್ತು. ಮೂರನೆಯದರಲ್ಲಿ, ತಪಾಸಣೆಯಲ್ಲಿ ಹುಡುಕಿದ ರೋಗ ಇದೆ ಎಂದು ತಿಳಿಸುವುದು, ಎಂದಿತ್ತು. ಅಕ್ಕೋರು ಪರದೆಯ ಮೇಲೆ ಬೆರಳಿಟ್ಟು ಆ ಸಾಲನ್ನು ಎರಡು ಸಲ ಓದಿದರು.

“ಇದ ಇರ್ಲಿ,” ಅಂದರು.

ಎಲ್ಲ ಕಂಪ್ಯೂಟರುಗಳಿಗೂ ಅದನ್ನೇ ಹಾಕಿದೆವು. ಆ ವಾರ ನಾವು ಆಡಿದಷ್ಟು ಮಾತು ಅದಕ್ಕೂ ಮೊದಲು ಆಡಿರಲಿಲ್ಲ. ಆಮೇಲೆ ಆಡುವಷ್ಟು ದಿನವೂ ಉಳಿಯಲಿಲ್ಲ. ಬೆಳಗಾವಿಯಲ್ಲಿ ಚಿಕಿತ್ಸೆ ನಡೆಯಿತು. ಮೊದಲೇ ಹೋಗಿದ್ದರೆ ಗುಣವಾಗುತ್ತಿತ್ತೇ ಎಂದು ಡಾಕ್ಟರರನ್ನು ಕೇಳಿದಿರಾ ಅಂತ ಒಮ್ಮೆ ಧೈರ್ಯ ಮಾಡಿ ಅಕ್ಕೋರನ್ನು ಕೇಳಿದೆ. ಅದನ್ನು ಕೇಳಲಿಲ್ಲ ಎಂದರು. ನನಗಾಗಿಯೇ ಕೇಳಲಿಲ್ಲವೇನೋ ಎಂದು ಈಗ ಅನ್ನಿಸುತ್ತದೆ. ಮರು ವರ್ಷದ ಪರೀಕ್ಷೆಗಳು ಮುಗಿಯುವ ಮೊದಲೇ ಹೋಗಿಬಿಟ್ಟರು.

ಮಣ್ಣು ಮಾಡುವ ದಿನ ಮಮದಾಪುರಕ್ಕೆ ಹೋಗಿದ್ದೆ. ಅಂಗಳದಲ್ಲಿ ಹೆಂಗಸರ ನಡುವೆ ಕೂತೆ. ಅವರ ವೈನಿ, ಅಣ್ಣನ ಹೆಂಡತಿ, ನೀರು ಕೊಟ್ಟು, ನಿಮ್ಮನ್ನ ಭಾಳ ನೆನಸ್ತಿದ್ರು ಅಂದರು. ಡಿಕ್ಷನರಿಯ ಮಾತು ಹೇಳಬೇಕೆಂದೇ ಹೋದವಳು ನೀರು ಕುಡಿದು, ಲೋಟ ತಿರುಗಿ ಕೊಟ್ಟು ಬಂದೆ.

ಈಗ ನಾನು ಹತ್ತರಗಿಯ ಶಾಲೆಯಲ್ಲಿದ್ದೇನೆ. ಮಕ್ಕಳು ಮನೆಯವರ ಮೊಬೈಲಿನಲ್ಲಿ ಯಾವುದೋ ಉಚಿತ ಡಿಕ್ಷನರಿ ತೋರಿಸಿ, ಇದು ಚಲೋ ಐತೇನ್ರಿ ಎಂದು ಕೇಳುತ್ತಾರೆ. ಯಾವ ಶಬ್ದ ನೋಡಿದಿರಿ, ಅದನ್ನು ಎಲ್ಲಿ ಓದಿದಿರಿ ಎಂದು ಕೇಳದೆ ನಾನು ಉತ್ತರ ಕೊಡುವುದಿಲ್ಲ. ಅವರಿಗೆ ಬೇಸರ ಬರುವಷ್ಟು ಕೇಳುತ್ತೇನೆ.

ಮೊನ್ನೆ ಹುಕ್ಕೇರಿಯ ನಿಲ್ದಾಣ ಮುಟ್ಟಿದಾಗ ಗೋಕಾಕದ ಬಸ್ಸು ನಿಂತಿತ್ತು. ಹತ್ತಿದ್ದರೆ ಮಮದಾಪುರಕ್ಕೆ ಹೋಗಿ ಬರಬಹುದಿತ್ತು. ಡಿಕ್ಷನರಿಯ ಮಾತು ಅಕ್ಕೋರು ಆ ಮನೆಯಲ್ಲಿ ಯಾರಿಗಾದರೂ ಹೇಳಿದ್ದರೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಬಸ್ಸು ಹೊರಡುವ ತನಕ ಬಾಗಿಲ ಹತ್ತಿರ ನಿಂತಿದ್ದೆ. ಕಂಡಕ್ಟರು ಬರತೀರೇನ್ರಿ ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ.