ಅವ್ವನ ಕೋಣೆಗೆ ಎಳೆದ ಕೇಬಲ್

ಎಲ್ಲವನ್ನೂ ಅನುಮಾನಿಸಬೇಕೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ಕೇಬಲ್ ಕೊಳ್ಳಲು ಹೋಗಬಾರದು. ನಾನು ಹೋದೆ. ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಅವ್ವ ಮಲಗುವುದು ಹಿಂದಿನ ಮಗ್ಗದ ಕೋಣೆಯಲ್ಲಿ. ಟೀವಿಯೂ ಅಲ್ಲಿಗೇ ಬರಲಿ ಎಂದಳು. ಮಾಳಿಗೆಯ ಡಿಶ್‌ನಿಂದ ಪಡಸಾಲೆಗೆ ಇಳಿದಿದ್ದ ಕೇಬಲ್ಲನ್ನು ಅಲ್ಲಿಯವರೆಗೆ ಬೆಳೆಸಬೇಕಿತ್ತು.

ಚಳ್ಳಕೆರೆಯ ಅಂಗಡಿಯಲ್ಲಿ ನಿಂತು, ಒಳಗಿನ ತಂತಿ ಪೂರ್ತಿ ತಾಮ್ರದ್ದೋ, ತಾಮ್ರ ಬಳಿದದ್ದೋ ಎಂದು ಕೇಳಿದೆ. ಕನೆಕ್ಟರ್ ತಿರುಗಿಸಿ ಕೂರಿಸಿದರೆ ಗಟ್ಟಿಯೋ, ಇಕ್ಕಳದಲ್ಲಿ ಒತ್ತಿದರೆ ಗಟ್ಟಿಯೋ ಎಂದು ಕೇಳಿದೆ. ಅಂಗಡಿಯವನು ತಾಳ್ಮೆಯ ಮನುಷ್ಯ. ಕೊನೆಗೆ, "ಸಾರ್, ನೀವು ಟೀವಿ ನೋಡ್ತೀರೋ, ವೈರ್ ನೋಡ್ತೀರೋ?" ಎಂದ. ಡಿಶ್‌ನಿಂದಲೇ ಒಂದೇ ಉದ್ದದ ಹೊಸ ಕೇಬಲ್ ಎಳೆಯಿರಿ ಎಂದೂ ಹೇಳಿದ. ಅದನ್ನೂ ಅನುಮಾನಿಸಿ, ಒಂದು ತುಂಡು ಕೇಬಲ್, ತಿರುಗಿಸಿ ಕೂರಿಸುವ ಕನೆಕ್ಟರ್‌ಗಳು, ನಡುವೆ ಸೇರಿಸಲು ಹಿತ್ತಾಳೆಯ ಜಾಯಿಂಟರ್ ತಂದೆ. ನಾನೇ ಜೋಡಿಸಿದೆ. ಚಿತ್ರ ಬಂತು. ಅವ್ವ ಖುಷಿಯಾದಳು.

ಮೊನ್ನೆ ಸಂಜೆ ಚಿತ್ರ ಹೋಯಿತು. ಹೆಂಡತಿ ಶಾಂತಾ ಕೇಳಿದ್ದು ಒಂದೇ ಮಾತು: "ನಡುವೆ ಜಾಯಿಂಟರ್ ಹಾಕಿದ್ದು ನಿಮಗೆ ನೆನಪೈತೇನ್ರಿ?"

ಪ್ರಶ್ನೆ ಕೇಬಲ್ಲಿನದಾಗಿರಲಿಲ್ಲ. ಈಚೆಗೆ ನಾನು ಗ್ಯಾಸ್ ಆರಿಸದೆ ಹೊರಗೆ ಹೋಗಿದ್ದೆ; ಬೈಕನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ನಡೆದು ಬಂದಿದ್ದೆ. ಚಳ್ಳಕೆರೆಯ ಡಾಕ್ಟರಿಗೆ ತೋರಿಸೋಣ ಎಂದು ಅವಳು ಹೇಳುತ್ತಲೇ ಇದ್ದಳು, ನಾನು ಜಾರಿಕೊಳ್ಳುತ್ತಲೇ ಇದ್ದೆ. ಜಾಯಿಂಟರ್ ಹಾಕಿದ ಜಾಗದಲ್ಲಿ ಇಲ್ಲದಿದ್ದರೆ ಬರುತ್ತೇನೆ ಎಂದುಬಿಟ್ಟೆ. ಹೇಳಿದ ಮರುಕ್ಷಣವೇ ನನ್ನ ನೆನಪನ್ನೇ ಅನುಮಾನಿಸತೊಡಗಿದೆ. ಹಿತ್ತಾಳೆಯ ಹೊಳಪು, ತಿರುಗಿಸಿ ನೊಂದ ಹೆಬ್ಬೆರಳು, ಎಲ್ಲವೂ ನೆನಪಿದೆ. ಆದರೆ ಬೈಕು ಮನೆಯ ಮುಂದೆ ನಿಂತಿರುವುದೂ ನನಗೆ ಅಷ್ಟೇ ಸ್ಪಷ್ಟವಾಗಿ ನೆನಪಿತ್ತು. ಇಲ್ಲೇ ಬ್ರಹ್ಮಗಿರಿಯಲ್ಲಿ ಅಶೋಕ ತನ್ನ ಮಾತನ್ನು ಬಂಡೆಗೆ ಕೊರೆಸಿದ್ದಾನೆ. ಧರ್ಮಕ್ಕಾಗಿ ಎನ್ನುತ್ತಾರೆ, ಜನರ ನೆನಪಿನ ಮೇಲೆ ಅವನಿಗೂ ಭರವಸೆ ಇರಲಿಲ್ಲವೆಂದು ನನ್ನ ಅನುಮಾನ.

ಮಗ್ಗದ ಹಿಂದೆ ಮೊಣಕಾಲೂರಿ ಕೇಬಲ್ ಎಳೆದೆ. ಜಾಯಿಂಟರ್ ಇರಲಿಲ್ಲ.

ಅದರ ಜಾಗದಲ್ಲಿ ಎರಡೂ ತುದಿಗಳ ಒಳತಂತಿ, ಹೊರಗಿನ ಜಾಲರಿ ಎಲ್ಲವನ್ನೂ ಒಟ್ಟಿಗೇ ಹೊಸೆದು ಸೇರಿಸಲಾಗಿತ್ತು. ನೇಕಾರರ ಮನೆಯವರು ಇದನ್ನು ಕೆಚ್ಚುವುದು ಎನ್ನುತ್ತೇವೆ. ಸೀರೆಯ ಹಳೆಯ ಹಾಸು ಮುಗಿಯುತ್ತಾ ಬಂದಾಗ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಅದರ ಒಂದೊಂದು ಎಳೆಗೂ ಹೊಸ ಎಳೆ ಹೊಸೆಯುತ್ತೇವೆ. ರೇಷ್ಮೆ ಒಪ್ಪುತ್ತದೆ. ಟೀವಿ ಒಪ್ಪುವುದಿಲ್ಲ, ಒಳತಂತಿ ಜಾಲರಿಗೆ ತಾಗಿದರೆ ಚಿತ್ರ ಸತ್ತಂತೆ. ತಂತಿಗೆ ಬೂದಿಯೂ ಮೆತ್ತಿತ್ತು. ನನಗೂ ಕೆಚ್ಚಲು ಬರುತ್ತದೆ, ಚಿಕ್ಕಂದಿನಿಂದಲೇ. ಇಷ್ಟು ಓದಿಯೂ ನನ್ನ ಬೆರಳುಗಳೇ ಈ ಕೆಲಸ ಮಾಡಿ ನನಗೆ ತಿಳಿಸದೆ ಉಳಿದವೇ?

ಕತ್ತರಿಗೆಂದು ಲಾಳಿಯ ಡಬ್ಬಿಗೆ ಕೈ ಹಾಕಿದೆ. ಜಾಯಿಂಟರ್ ಅಲ್ಲಿತ್ತು, ನಾನು ಬಿಗಿದ ಕನೆಕ್ಟರ್‌ಗಳ ಸಮೇತ. ಮತ್ತೆ ಹೊಸೆತವನ್ನು ನೋಡಿದೆ. ಅದು ಎಡಕ್ಕೆ ಸುತ್ತಿತ್ತು. ಮನೆಯಲ್ಲಿ ಎಡಗೈಯವಳು ಅವ್ವ ಒಬ್ಬಳೇ. ಗೆದ್ದೆ ಎಂದು ಕೂಗುವುದೊಂದು ಬಾಕಿ.

"ಅವ್ವ, ಕಸ ಗುಡಿಸುವಾಗ ಈ ವೈರ್ ಕಿತ್ತು ಬಂದಿತ್ತಾ?"

"ಅದನ್ನ ನಾನ್ಯಾಕ್ ಮುಟ್ಲಪ್ಪ? ಕರೆಂಟ್ ಇರ್ತೈತೆ ಅಂತ ನೀನೇ ಹೇಳಿದ್ದೆ."

ಸುಳ್ಳು ಹೇಳುವಾಗ ಅವ್ವ ಸೆರಗು ಸರಿಮಾಡಿಕೊಳ್ಳುತ್ತಾಳೆ. ಈಗ ಸರಿಮಾಡಿಕೊಳ್ಳಲಿಲ್ಲ. ನನ್ನ ಕಣ್ಣನ್ನೇ ನೋಡಿ ಹೇಳಿದಳು. ಅವಳಿಗೆ ನೆನಪಿರಲಿಲ್ಲ. ಬಾಗಿಲಲ್ಲಿ ಶಾಂತಾ ಕಾಯುತ್ತಿದ್ದಳು. ನಾನು ಜಾಯಿಂಟರನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ.

"ನಾನೇ ಕೆಚ್ಚಿರ್ಬೇಕು. ನೆನಪಿಲ್ಲ," ಎಂದೆ.

ತುದಿಗಳನ್ನು ಕತ್ತರಿಸಿ, ಸುಲಿದು, ಕನೆಕ್ಟರ್ ಕೂರಿಸಿ ಮತ್ತೆ ಬಿಗಿದೆ. ಚಿತ್ರ ಬಂತು. ಶಾಂತಾ ನಗಲಿಲ್ಲ, ಡಾಕ್ಟರಿಗೆ ತೋರಿಸುವ ಮಾತನ್ನಷ್ಟೇ ನೆನಪಿಸಿದಳು. ಒಪ್ಪಿದೆ. ಒಬ್ಬನೇ ಹೋಗಲು ಬೇಸರ, ಅವ್ವನೂ ಜೊತೆಗೆ ಬರಲಿ, ಹೇಗೂ ಹೋದಮೇಲೆ ಅವಳನ್ನೂ ತೋರಿಸಿದರಾಯಿತು ಎಂದೆ. ಶಾಂತಾ ನಾನು ಕತ್ತರಿಸಿ ತೆಗೆದ ಹೊಸೆತದ ತುಂಡನ್ನು ಇಸಿದುಕೊಂಡು, ಅದರ ಎಡಸುತ್ತನ್ನು ಒಮ್ಮೆ ನೋಡಿ, ಒಳಗೆ ಹೋದಳು.

ಅವ್ವ ಟೀವಿಯಿಂದ ಕಣ್ಣು ತೆಗೆಯದೆ ಹೇಳಿದಳು: "ಬರ್ತೀನಿ ಬಿಡು. ನೀನು ದಾರಿಗೀರಿ ಮರ್ತೀಯ."